ಮುಂಜಾನೆ ಬಗ್ಗದ ಕಾಲು

1996ರ ಬೇಸಿಗೆಯ ಮಾತು. ಅಂದಿನ ಬಿಜಾಪುರ ಜಿಲ್ಲೆ ಇನ್ನೂ ಇಬ್ಭಾಗವಾಗಿರಲಿಲ್ಲ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು ಮರುವರ್ಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸುತ್ತಾಡುವುದು ನನ್ನ ನೌಕರಿಯ ಭಾಗವಾಗಿತ್ತು. ಅವುಗಳಲ್ಲೊಂದರ ಹಳ್ಳಿಯ ಶಾಲೆಯ ಜಗಲಿಯಲ್ಲಿ ಒಂದು ದಿನ ಪಿಂಚಣಿ ಅದಾಲತ್ತು ನಡೆದಿತ್ತು. ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿಗಳ ನಡುವೆ ಒಬ್ಬ ತಾಯಿ ಹನ್ನೊಂದು ವರ್ಷದ ಮಗಳನ್ನು ಬೆನ್ನ ಮೇಲೆ ಹೊತ್ತು ತಂದು ಮೇಜಿನ ಮುಂದೆ ಕೂರಿಸಿದಳು. ಹುಡುಗಿಯ ಎರಡೂ ಮೊಣಕಾಲುಗಳು ಮಡಿಚಿದ ಸ್ಥಿತಿಯಲ್ಲೇ ನಿಂತುಬಿಟ್ಟಿದ್ದವು. ಮಂಡಿಯ ಮೇಲೆ ಬರೆ ಹಾಕಿಸಿದ ಹಳೆಯ ಕಲೆಗಳಿದ್ದವು.

ಯಾವಾಗಿನಿಂದ ಹೀಗೆ ಎಂದು ನಾನು ಕೇಳಿದೆ. ‘ಐದು ವರ್ಷದಾಕಿ ಇದ್ದಾಗಿಂದ್ರಿ ಸಾಹೇಬರ. ಮುಂಜಾನೆ ಎದ್ದಾಗ ಕಾಲು ಕಟಗಿ ಆಗಿರ್ತಿದ್ದವು. ಹೊತ್ತು ಏರಿದಂಗ ಸಡ್ಲ ಆಗಿ ಮಧ್ಯಾಹ್ನಕ್ಕ ಓಡ್ಯಾಡ್ತಿದ್ಲು. ಈಗ ಅದೂ ಇಲ್ರಿ’ ಎಂದಳು ಆಕೆ. ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ ಹಾಕಿಸಿದ್ದನ್ನೂ, ಒಬ್ಬರು ಕೊಟ್ಟ ಗುಳಿಗೆಯಿಂದ ಮುಖ ಊದಿದ್ದನ್ನೂ ಹೇಳಿದಳು. ಶಾಶ್ವತ ಅಂಗವೈಕಲ್ಯವೆಂದು ವೈದ್ಯಕೀಯ ಪ್ರಮಾಣಪತ್ರದಲ್ಲಿತ್ತು. ಕಾರಣವೇನೆಂದು ಅದರಲ್ಲಿ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಮಾಸಾಶನದ ಆದೇಶಕ್ಕೆ ಅಲ್ಲಿಯೇ ಸಹಿ ಹಾಕಿದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದಲೇ ಅಂದು ಮನೆಗೆ ಹೋದೆ.

ಆ ತಾಯಿಯ ಮಾತಿನ ಅರ್ಥ ನನಗಾದದ್ದು ಇಪ್ಪತ್ತಮೂರು ವರ್ಷಗಳ ಬಳಿಕ, ನಿವೃತ್ತನಾದ ವರ್ಷ, ಬೆಂಗಳೂರಿನಲ್ಲಿ. ನಾಲ್ಕು ವರ್ಷದ ನನ್ನ ಮೊಮ್ಮಗಳು ಬೆಳಿಗ್ಗೆ ಎದ್ದೊಡನೆ ಎತ್ತಿಕೊಳ್ಳೆಂದು ಹಟ ಹಿಡಿಯತೊಡಗಿದಳು. ಇಳಿಸಿದರೆ ಕುಂಟುತ್ತಿದ್ದಳು, ಹತ್ತು ಗಂಟೆಯ ಹೊತ್ತಿಗೆ ಎಂದಿನಂತೆ ಆಡುತ್ತಿದ್ದಳು. ನೋವೆಂದು ಒಮ್ಮೆಯೂ ಹೇಳಲಿಲ್ಲ. ಸೋಮಾರಿತನವೆಂದು ನಾವು ಗದರಿದೆವು. ಎಲ್ಲೋ ಬಿದ್ದಿರಬೇಕೆಂದು ಒಬ್ಬ ವೈದ್ಯರು ಪಟ್ಟಿ ಕಟ್ಟಿದರು. ಹೀಗೆ ಎರಡೂವರೆ ತಿಂಗಳು ಕಳೆದ ಮೇಲೆ ಮಕ್ಕಳ ಕೀಲುರೋಗ ತಜ್ಞರ ಬಳಿಗೆ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: ‘ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?’

ನನ್ನ ಸೊಸೆ ಉತ್ತರಿಸುತ್ತಿದ್ದಂತೆ ನನಗೆ ಆ ಶಾಲೆಯ ಜಗಲಿ ಕಣ್ಣಮುಂದೆ ಬಂದಿತು. ಅದೇ ಉತ್ತರವನ್ನು ಆ ತಾಯಿ ಯಾರೂ ಕೇಳದೆಯೇ ನನ್ನ ಮುಂದೆ ಹೇಳಿದ್ದಳು. ಬಹುಶಃ ಆರು ವರ್ಷ ಎಲ್ಲರ ಮುಂದೆಯೂ ಹೇಳಿದ್ದಳು. ಅದನ್ನು ಕೇಳಿಸಿಕೊಳ್ಳುವ ಕಿವಿ ಆಕೆಗೆ ಸಿಗಲಿಲ್ಲ.

ಸಂಧಿವಾತವೆಂದರೆ ಮುದುಕರ ಕಾಯಿಲೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಕೀಲು ಸವೆದು ಬರುವ ನೋವಿನ ಮಟ್ಟಿಗೆ ಅದು ನಿಜ. ಮಕ್ಕಳಲ್ಲಿ ಬರುವುದು ಬೇರೆಯದೇ ರೋಗ. ಸೋಂಕಿನ ವಿರುದ್ಧ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಪೊರೆ ಊದಿಕೊಳ್ಳುತ್ತದೆ, ಕೀಲಿನಲ್ಲಿ ನೀರು ತುಂಬುತ್ತದೆ, ಕ್ರಮೇಣ ಮೃದ್ವಸ್ಥಿಯೂ ಮೂಳೆಯೂ ಕರಗುತ್ತವೆ. ರಾತ್ರಿಯಿಡೀ ಅಲುಗಾಡದೆ ಇದ್ದ ಕೀಲು ಬೆಳಿಗ್ಗೆ ಬಿಗಿದುಕೊಂಡಿರುವುದೂ, ಓಡಾಡಿದಂತೆ ಸಡಿಲಾಗುವುದೂ ಈ ಉರಿಯೂತದ ಗುರುತು. ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 22 ಮಕ್ಕಳನ್ನು ಅಭ್ಯಸಿಸಿ, ಇದು ದೊಡ್ಡವರ ಸಂಧಿವಾತದ ಚಿಕ್ಕ ರೂಪವಲ್ಲ ಎಂದು 1897ರಲ್ಲಿಯೇ ತೋರಿಸಿಕೊಟ್ಟರು.

ಈಗ ಇದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಹದಿನಾರು ವರ್ಷ ತುಂಬುವ ಮೊದಲು ಶುರುವಾಗಿ, ಕನಿಷ್ಠ ಆರು ವಾರ ಉಳಿದು, ಬೇರೆ ಕಾರಣ ಕಾಣದ ಕೀಲಿನ ಉರಿಯೂತಕ್ಕೆ ಈ ಹೆಸರು. ಇದರಲ್ಲಿ ಏಳು ಬಗೆಗಳನ್ನು ಗುರುತಿಸಿದ್ದಾರೆ. ಚಿಕ್ಕ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಒಂದೆರಡು ಕೀಲುಗಳಷ್ಟೇ, ಅದರಲ್ಲೂ ಮೊಣಕಾಲು, ಊದಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಕೈಬೆರಳು ಸೇರಿದಂತೆ ಹಲವು ಕೀಲುಗಳು. ಆರು ವರ್ಷ ದಾಟಿದ ಗಂಡುಹುಡುಗರಲ್ಲಿ ಸ್ನಾಯುಗಳು ಮೂಳೆಗೆ ಅಂಟುವ ಹಿಮ್ಮಡಿ, ಸೊಂಟದ ಜಾಗಗಳಲ್ಲಿ ನೋವು. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಈ ಬಗೆಯ ಪಾಲು ಪಶ್ಚಿಮ ದೇಶಗಳಿಗಿಂತ ಹೆಚ್ಚು. ಮತ್ತೊಂದು ಬಗೆಯಲ್ಲಿ ವಾರಗಟ್ಟಲೆ ದಿನವೂ ಏರಿಳಿಯುವ ಜ್ವರ ಮೊದಲು ಬಂದು, ಕೀಲು ಊದುವುದು ಆಮೇಲೆ. ಇದು ಜೀವಕ್ಕೂ ಅಪಾಯ ತರಬಲ್ಲದು.

ರೋಗ ಕೀಲಿಗಷ್ಟೇ ಸೀಮಿತವಲ್ಲ. ಕೆಲವು ಮಕ್ಕಳಲ್ಲಿ ಕಣ್ಣಿನ ಒಳಭಾಗದಲ್ಲೂ ಉರಿಯೂತವಾಗುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ. ದೃಷ್ಟಿ ಮಾತ್ರ ಮೆಲ್ಲನೆ ಹೋಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೇತ್ರತಜ್ಞರು ನೋಡಿದರಷ್ಟೇ ತಿಳಿಯುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಈ ತಪಾಸಣೆ ಬೇಕು. ನನ್ನ ಮೊಮ್ಮಗಳ ಬಲಗಣ್ಣಿನಲ್ಲಿ ಅದು ಎರಡನೆಯ ತಪಾಸಣೆಯಲ್ಲಿಯೇ ಸಿಕ್ಕಿತು. ಶಾಲೆಯ ಜಗಲಿಯಲ್ಲಿ ಕಂಡ ಹುಡುಗಿಯ ಕಣ್ಣನ್ನು ಯಾರಾದರೂ ನೋಡಿದ್ದರೇ ಎಂಬುದು ನನ್ನನ್ನು ಈಗಲೂ ಕಾಡುವ ಪ್ರಶ್ನೆ.

ಹಾಗಾದರೆ ಈ ರೋಗ ಏಕೆ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ? ವೈದ್ಯರನ್ನು ದೂರುವುದು ಸುಲಭ. ಆದರೆ ಇದೇ ಎಂದು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಇಲ್ಲ. ‘ಸಂಧಿವಾತದ ಟೆಸ್ಟ್’ ಎಂದು ಎಲ್ಲೆಡೆ ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ, ರೋಗವಿದ್ದರೂ ಬಹುಪಾಲು ಮಕ್ಕಳಲ್ಲಿ ನೆಗೆಟಿವ್ ಬರುತ್ತದೆ. ಕೀಲನ್ನು ಮುಟ್ಟಿ, ಬಗ್ಗಿಸಿ, ಇತಿಹಾಸ ಕೇಳಿ, ಹೋಲುವ ರೋಗಗಳನ್ನು ಒಂದೊಂದಾಗಿ ತಳ್ಳಿಹಾಕಿಯೇ ನಿರ್ಧರಿಸಬೇಕು. ವಿಜಯಪುರ ಜಿಲ್ಲೆಯಂಥ ಕಡೆ ಹೀಗೆ ಹೋಲುವ ರೋಗಗಳು ಒಂದೆರಡಲ್ಲ.

ಮೊದಲನೆಯದು ರುಮಾಟಿಕ್ ಜ್ವರ. ಗಂಟಲಿನ ಸೋಂಕಿನ ನಂತರ ಬರುವ ಈ ಜ್ವರದಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೀಲನ್ನು ವಿರೂಪಗೊಳಿಸುವುದು ತೀರಾ ಅಪರೂಪ. ಅದು ಕೆಡಿಸುವುದು ಹೃದಯದ ಕವಾಟವನ್ನು. ಅದಕ್ಕಾಗಿಯೇ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುವುದು, ಮತ್ತು ಆ ಕಾಯಿಲೆಗೆ ಅದು ಸರಿಯಾದ ಮದ್ದು. ಎಎಸ್‌ಓ ಎಂಬ ಪರೀಕ್ಷೆಯ ಅಂಕಿ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಕೀಲು ಊದಿದ ಮಗುವಿಗೆ ವರ್ಷಗಟ್ಟಲೆ ಪೆನಿಸಿಲಿನ್ ಕೊಡುವುದು ಮಾತ್ರ ತಪ್ಪು. ಆ ಅಂಕಿ ಗಂಟಲಿನ ಸೋಂಕು ಬಂದುಹೋಗಿದೆ ಎಂದಷ್ಟೇ ಹೇಳುತ್ತದೆ. ಆ ಹುಡುಗಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಸಿಕ್ಕಿದ್ದು ಇದೇ ಚುಚ್ಚುಮದ್ದೆಂದು ಈಗ ಊಹಿಸಬಲ್ಲೆ.

ಎರಡನೆಯದು ಈ ಸೀಮೆಯ ಬದುಕಿಗೇ ಅಂಟಿದ್ದು. ಭೀಮೆಯ ದಡದಿಂದ ಕೃಷ್ಣೆಯ ಹಿನ್ನೀರಿನವರೆಗೆ ಕುರಿ, ಮೇಕೆಗಳಿಲ್ಲದ ಊರಿಲ್ಲ. ಅವುಗಳಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲೋಸಿಸ್ ದೀರ್ಘ ಜ್ವರವನ್ನೂ ಕೀಲುನೋವನ್ನೂ ತರುತ್ತದೆ. ಕಾಯಿಸದ ಹಾಲು, ಕಂದು ಹಾಕಿದ ಕುರಿಯ ಕಸವನ್ನು ಬರಿಗೈಯಲ್ಲಿ ಎತ್ತುವುದು ಇದರ ದಾರಿಗಳು. ಬಿಜಾಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಹೋದ್ಯೋಗಿಗಳು ಹದಿಮೂರು ವರ್ಷಗಳಲ್ಲಿ 5,726 ಮಕ್ಕಳ ರಕ್ತದ ಮಾದರಿಗಳನ್ನು ಪರೀಕ್ಷಿಸಿ, 93 ಮಕ್ಕಳಲ್ಲಿ ಈ ರೋಗವನ್ನು ಗುರುತಿಸಿದ್ದರು. ಅದು 2004ರಲ್ಲಿ ಪ್ರಕಟವಾಯಿತು. ನೂರಕ್ಕೆ ಒಂದೂವರೆಗಿಂತ ತುಸು ಹೆಚ್ಚು. ಆದರೆ ಹುಡುಕದಿದ್ದರೆ ಆ 93 ಮಕ್ಕಳೂ ಬೇರಾವುದೋ ಹೆಸರಿನ ಚಿಕಿತ್ಸೆಯಲ್ಲಿ ಕಳೆದುಹೋಗುತ್ತಿದ್ದರು. ವಾರಗಟ್ಟಲೆ ಕ್ರಮಬದ್ಧವಾಗಿ ಜೋಡಿ ಆ್ಯಂಟಿಬಯಾಟಿಕ್ ಕೊಟ್ಟರೆ ಇದು ವಾಸಿಯಾಗುವ ಕಾಯಿಲೆ. ಇದನ್ನು ಆಟೋಇಮ್ಯೂನ್ ಸಂಧಿವಾತವೆಂದು ತಪ್ಪಾಗಿ ತಿಳಿದು ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರೆ ಅನಾಹುತ.

ಇನ್ನುಳಿದವನ್ನು ಚುಟುಕಾಗಿ ಹೇಳಬಹುದು. ಒಂದೇ ಕೀಲು ತಿಂಗಳುಗಟ್ಟಲೆ ಊದಿದ್ದರೆ ಕ್ಷಯವನ್ನು ನೆನೆಯಬೇಕು. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಹಲ್ಲಿಗೆ ಕಲೆ ತಂದು ಕಾಲನ್ನು ಸೊಟ್ಟಗಾಗಿಸಬಹುದು, ಆದರೆ ಕೀಲು ಬಿಸಿಯಾಗಿ ಊದುವುದಿಲ್ಲ. ಮಲಗುವ ಹೊತ್ತಿಗೆ ಎರಡೂ ಕಾಲು ನೋಯುತ್ತದೆಂದು ಅತ್ತು, ಒತ್ತಿದರೆ ಸಮಾಧಾನಗೊಂಡು, ಬೆಳಿಗ್ಗೆ ಜಿಗಿದೆದ್ದು ಓಡುವ ಮಗುವಿನದು ನಿರುಪದ್ರವಿ ‘ಬೆಳವಣಿಗೆಯ ನೋವು’. ಮಗು ಬಿಳಿಚಿಕೊಂಡು, ರಾತ್ರಿ ಮೂಳೆನೋವಿನಿಂದ ಎಚ್ಚರಗೊಳ್ಳುತ್ತಿದ್ದರೆ ರಕ್ತದ ಕ್ಯಾನ್ಸರನ್ನು ತಳ್ಳಿಹಾಕದೆ ಸ್ಟಿರಾಯ್ಡ್ ಕೊಡಬಾರದು. ಅದು ರೋಗವನ್ನು ಕೆಲಕಾಲ ಮರೆಮಾಚಿಬಿಡುತ್ತದೆ. ‘ಒಂದೇ ದಿನದಲ್ಲಿ ನೋವು ಹೋಯಿತು’ ಎಂದು ಹಳ್ಳಿಗಳಲ್ಲಿ ಹೊಗಳಿಸಿಕೊಳ್ಳುವ ಗುಳಿಗೆ ಬಹುತೇಕ ಇದೇ ಸ್ಟಿರಾಯ್ಡ್. ವರ್ಷಗಟ್ಟಲೆ ತಿಂದರೆ ಮುಖ ಊದುತ್ತದೆ, ಮಗುವಿನ ಎತ್ತರವೇ ಕುಗ್ಗುತ್ತದೆ.

ಅರ್ಥಶಾಸ್ತ್ರ ಓದಿದವನಿಗೆ ಮುಂದಿನ ಪ್ರಶ್ನೆ ಬರುವುದು ಸಹಜ: ಚಿಕಿತ್ಸೆ ಎಷ್ಟು ದುಬಾರಿ? ಉತ್ತರ ನನ್ನನ್ನು ಅಚ್ಚರಿಗೊಳಿಸಿತು, ಅನಂತರ ನಾಚಿಸಿತು. ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟ್ ಹಳೆಯದು, ಅಗ್ಗದ್ದು, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದು. ಅಮೆರಿಕ ಮತ್ತು ಅಂದಿನ ಸೋವಿಯತ್ ಒಕ್ಕೂಟದ ವೈದ್ಯರು ಒಟ್ಟಾಗಿ 127 ಮಕ್ಕಳ ಮೇಲೆ ನಡೆಸಿದ ಪ್ರಯೋಗ, ವಾರಕ್ಕೊಮ್ಮೆ ಕೊಡುವ ಅಲ್ಪ ಪ್ರಮಾಣದ ಈ ಔಷಧ ಫಲಕಾರಿಯೆಂದು ತೋರಿಸಿದ್ದು 1992ರಲ್ಲಿ. ನಾನು ಆ ಆದೇಶಕ್ಕೆ ಸಹಿ ಹಾಕುವ ನಾಲ್ಕು ವರ್ಷ ಮೊದಲೇ ಔಷಧವೂ ಇತ್ತು, ಪುರಾವೆಯೂ ಇತ್ತು.

ಇದನ್ನು ವಾರಕ್ಕೊಮ್ಮೆ ಮಾತ್ರ ಕೊಡಬೇಕು. ತಪ್ಪಿ ದಿನವೂ ಕೊಟ್ಟರೆ ಪ್ರಾಣಕ್ಕೇ ಕುತ್ತು. ನಮ್ಮ ಮನೆಯಲ್ಲಿ ಭಾನುವಾರ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆವು. ಜೊತೆಗೆ ಫೋಲಿಕ್ ಆಮ್ಲ, ನಿಯಮಿತ ರಕ್ತಪರೀಕ್ಷೆ. ಒಂದೆರಡು ಕೀಲಿನ ರೋಗಕ್ಕೆ ಕೀಲಿನೊಳಗೇ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಹಲವು ತಿಂಗಳ ನೆಮ್ಮದಿ ಕೊಡುತ್ತದೆ. ದಿನವೂ ವ್ಯಾಯಾಮ ಬೇಕು. ಮಗುವನ್ನು ಮಲಗಿಸಿಡುವುದು ಪಥ್ಯವಲ್ಲ, ಅಪಚಾರ. ಇಷ್ಟಕ್ಕೂ ಬಗ್ಗದ ರೋಗಕ್ಕೆ ಬಯಾಲಜಿಕ್ ಎಂಬ ಹೊಸ ಔಷಧಗಳಿವೆ. ಮಕ್ಕಳ ಸಂಧಿವಾತಕ್ಕೆ ಅವುಗಳಲ್ಲಿ ಮೊದಲನೆಯದಾದ ಎಟನರ್ಸೆಪ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1999ರಲ್ಲಿ. 2014ರಿಂದೀಚೆಗೆ ಅಡಲಿಮುಮ್ಯಾಬ್ ಭಾರತದಲ್ಲಿಯೇ ತಯಾರಾಗಿ ಬೆಲೆ ಇಳಿದಿದೆಯಾದರೂ ಕೂಲಿಯವರ ಕೈಗೆಟಕುವಷ್ಟಲ್ಲ. ಎಲ್ಲ ಮಕ್ಕಳೂ ಪೂರ್ಣ ಗುಣವಾಗುತ್ತಾರೆಂದು ಹೇಳಲಾರೆ. ಕೆಲವರಲ್ಲಿ ರೋಗ ದೊಡ್ಡವರಾದ ಮೇಲೂ ಉಳಿಯುತ್ತದೆ. ಆದರೆ ಬೇಗ ಗುರುತಿಸಿದರೆ ಬಹುಪಾಲು ಮಕ್ಕಳು ನಡೆಯುತ್ತಾರೆ, ಓಡುತ್ತಾರೆ, ಶಾಲೆಗೆ ಹೋಗುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮ ಗಾದೆ. ಈ ರೋಗದಲ್ಲಿ ಅದು ತಿರುಗುಮುರುಗು: ಗಿಡವಾಗಿದ್ದಾಗ ಬಗ್ಗಿಹೋದದ್ದು ಮರವಾದ ಮೇಲೆ ನೆಟ್ಟಗಾಗುವುದಿಲ್ಲ.

ನಿಜವಾದ ವೆಚ್ಚ ಔಷಧದ್ದಲ್ಲ, ದೂರದ್ದು. ಮಕ್ಕಳ ಕೀಲುರೋಗದ ತಜ್ಞರು ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಬಹುತೇಕ ಎಲ್ಲರೂ ಬೆಂಗಳೂರಿನಲ್ಲಿ. ಇಂಡಿಯವರು ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗಿ ಬರುವುದು ತಲೆಮಾರುಗಳ ರೂಢಿ. ಮುದ್ದೇಬಿಹಾಳದ ಕೂಲಿ ಹೆಣ್ಣುಮಗಳು ಬೆಂಗಳೂರಿಗೆ ಒಮ್ಮೆ ಹೋಗಿ ಬರಲು ಎರಡು ರಾತ್ರಿ ಬಸ್ಸು, ಇಬ್ಬರ ಕನಿಷ್ಠ ಮೂರು ದಿನದ ಕೂಲಿ, ಊಟ, ವಸತಿ. ಹೀಗೆ ಮೂರು ತಿಂಗಳಿಗೊಮ್ಮೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಗುಳೆ ಹೋಗುವ ಕುಟುಂಬದಲ್ಲಿ ಭಾನುವಾರದ ಗುಳಿಗೆ ತಪ್ಪುವುದು ಉಡಾಫೆಯಿಂದಲ್ಲ.

ಇದು ಅಪರೂಪದ ಕಾಯಿಲೆ, ಇದಕ್ಕೇಕೆ ಇಷ್ಟು ಚಿಂತೆ ಎಂಬ ವಾದವಿದೆ. ಪಶ್ಚಿಮ ದೇಶಗಳಲ್ಲಿ ಸಾವಿರ ಮಕ್ಕಳಿಗೆ ಸುಮಾರು ಒಂದು ಎಂಬ ಲೆಕ್ಕವನ್ನೇ ಇಲ್ಲಿಗೂ ತರೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 21.77 ಲಕ್ಷ. ಅವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳೆಂದುಕೊಂಡರೆ ಏಳು ಲಕ್ಷ, ರೋಗಿಗಳು ಏಳುನೂರು. ಇದು ಸಮೀಕ್ಷೆಯ ಅಂಕಿಯಲ್ಲ, ಕಾಗದದ ಮೇಲಿನ ಅಂದಾಜು. ಅದರ ಅರ್ಧವೇ ನಿಜವಾದರೂ ಮುನ್ನೂರೈವತ್ತು ಮಕ್ಕಳು ಎಲ್ಲಿದ್ದಾರೆ, ಯಾವ ಚಿಕಿತ್ಸೆಯಲ್ಲಿದ್ದಾರೆ ಎಂದು ಕೇಳಬೇಕಾಗುತ್ತದೆ.

ಕೇಳುವ ವ್ಯವಸ್ಥೆ ಇಲ್ಲದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳನ್ನು ತಪಾಸಿಸಬೇಕು. ಆರಂಭದಲ್ಲಿ ಗುರುತಿಸಿದ 30 ಸ್ಥಿತಿಗಳಲ್ಲಿ ರುಮಾಟಿಕ್ ಹೃದ್ರೋಗವಿತ್ತು; ಸಂಧಿವಾತ ಇರಲಿಲ್ಲ. ಅದನ್ನು ಸೇರಿಸಲು ಹೊಸ ಇಲಾಖೆ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಬ್ರಿಟನ್ನಿನಲ್ಲಿ 2006ರಲ್ಲಿ ರೂಪಿಸಿದ ಒಂದು ಸರಳ ತಪಾಸಣೆಗೆ ಬೇಕಾಗುವುದು ಎರಡೇ ನಿಮಿಷ. ಕೀಲು ನೋಯುತ್ತದೆಯೇ ಅಥವಾ ಬಿಗಿಯುತ್ತದೆಯೇ, ಬಟ್ಟೆ ಹಾಕಿಕೊಳ್ಳಲು ಕಷ್ಟವೇ, ಮೆಟ್ಟಿಲು ಹತ್ತಿಳಿಯಲು ಕಷ್ಟವೇ ಎಂಬ ಮೂರು ಪ್ರಶ್ನೆ, ಆಮೇಲೆ ಮಗುವನ್ನು ನಡೆಸಿ, ಕೈ ಎತ್ತಿಸಿ, ಕಾಲು ಬಗ್ಗಿಸಿ ನೋಡುವುದು. ನಮ್ಮ ಹಳ್ಳಿಗೆ ಮೆಟ್ಟಿಲಿನ ಬದಲು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುತ್ತದೆಯೇ, ಕುಕ್ಕರಗಾಲಲ್ಲಿ ಕೂತೇಳುತ್ತದೆಯೇ ಎಂದು ಕೇಳಿದರಾಯಿತು. ಬಿಸಿಯೂಟದ ಪಂಕ್ತಿಯಲ್ಲಿ ಕಾಲು ಚಾಚಿ ಕೂರುವ ಮಗುವನ್ನು ಮೊದಲು ಕಾಣುವವರು ಶಿಕ್ಷಕರೇ.

ಗುರುತಿಸಿದ ಮೇಲೆ ಕಳಿಸುವುದೆಲ್ಲಿಗೆ? ವಿಜಯಪುರ ನಗರದಲ್ಲಿಯೇ ಎರಡು ವೈದ್ಯಕೀಯ ಕಾಲೇಜುಗಳಿವೆ. ಮಕ್ಕಳ ವಿಭಾಗಗಳೂ ನೇತ್ರ ವಿಭಾಗಗಳೂ ಅಲ್ಲಿವೆ. ತಿಂಗಳಲ್ಲಿ ಒಂದು ದಿನವನ್ನು ಕೀಲುರೋಗದ ಮಕ್ಕಳಿಗೆಂದು ಮೀಸಲಿಟ್ಟು, ಬೆಂಗಳೂರಿನ ತಜ್ಞರನ್ನು ದೂರಸಂವಹನದ ಮೂಲಕ ಕೂಡಿಸಿಕೊಂಡರೆ ಮುದ್ದೇಬಿಹಾಳದ ತಾಯಿಯ ಮೂರು ದಿನದ ಪ್ರಯಾಣ ಒಂದು ದಿನಕ್ಕೆ ಇಳಿಯುತ್ತದೆ. ಮೆಥೊಟ್ರೆಕ್ಸೇಟ್ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು, ಅದರ ರಕ್ತಪರೀಕ್ಷೆಯೂ ಅಲ್ಲಿಯೇ ಆಗಬೇಕು. ಬ್ರುಸೆಲ್ಲೋಸಿಸ್ ಮಟ್ಟಿಗೆ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಲಸಿಕೆಗೆ ಆರಿಸಿಕೊಂಡದ್ದು ಆಕಳು, ಎಮ್ಮೆಗಳ ಹೆಣ್ಣು ಕರುಗಳನ್ನು. ಮೇಕೆ, ಕುರಿಗಳ ಸೀಮೆಯಲ್ಲಿ ಪಶುವೈದ್ಯರೂ ಮಕ್ಕಳ ವೈದ್ಯರೂ ಒಂದೇ ಮೇಜಿಗೆ ಕೂರಬೇಕಾದ ಅಗತ್ಯವಿದೆ.

ನನ್ನ ಮೊಮ್ಮಗಳಿಗೆ ಈಗ ಔಷಧ ನಿಂತು ಎರಡು ವರ್ಷ. ಸೈಕಲ್ ತುಳಿಯುತ್ತಾಳೆ. ಕಣ್ಣಿನ ತಪಾಸಣೆ ಮಾತ್ರ ಮುಂದುವರಿದಿದೆ. ಆಕೆಯ ಮತ್ತು ಆ ಹಳ್ಳಿಯ ಹುಡುಗಿಯ ನಡುವಿನ ಅಂತರ ಪುಣ್ಯದ್ದಲ್ಲ, ವಿಜ್ಞಾನದ್ದೂ ಅಲ್ಲ. ಒಬ್ಬಳಿಗೆ ಎರಡೂವರೆ ತಿಂಗಳು ತಡವಾಯಿತು, ಇನ್ನೊಬ್ಬಳಿಗೆ ಆರು ವರ್ಷ, ಅಷ್ಟೇ.

ಕಳೆದ ಚಳಿಗಾಲದಲ್ಲಿ ಬಂಧುವೊಬ್ಬರ ಮದುವೆಗೆಂದು ಸಿಂದಗಿಗೆ ಹೋಗಿದ್ದೆ. ಮುಂಜಾನೆ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಐದಾರು ವರ್ಷದ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಹುಡುಗನಿಗೆ ನಡೆಯುವ ವಯಸ್ಸಾಗಿತ್ತು. ತಡೆಯಲಾಗದೆ ಕೇಳಿದೆ: ‘ಯಾಕಬೇ ಯವ್ವಾ, ಹುಡುಗನ ಕಾಲಿಗೆ ಏನರ ಆಗೇತೇನು? ಮುಂಜಾನೆ ಎದ್ದ ಕೂಡ್ಲೆ ಬಗ್ಗತಾವೋ ಇಲ್ಲೋ?’ ಆಕೆ ನನ್ನನ್ನು ವಿಚಿತ್ರವಾಗಿ ನೋಡಿ ನಕ್ಕಳು. ‘ಏನೂ ಆಗಿಲ್ರಿ ಯಪ್ಪಾ, ನಿದ್ದಿಗಣ್ಣಾಗ ಅದಾನ’ ಎಂದಳು. ಹುಡುಗ ಕೆಳಗಿಳಿದು ಬಸ್ಸಿನ ಕಡೆಗೆ ಓಡಿದ. ಮೂವತ್ತು ವರ್ಷ ಮೊದಲೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.